ರೆನಾನ್ ಸಾಹೇಬರ ಖಾತೆಪುಸ್ತಕ

1883ರ ಮಾರ್ಚ್ 29. ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಪಂಡಿತ ಅರ್ನೆಸ್ಟ್ ರೆನಾನ್ ಭಾಷಣಕ್ಕೆ ನಿಂತರು. ವಿಷಯ: ಇಸ್ಲಾಂ ಮತ್ತು ವಿಜ್ಞಾನ. ತೀರ್ಪು: ಎರಡಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಫ್ರಾನ್ಸ್ ಟ್ಯುನೀಷಿಯವನ್ನು ಬಗಲಿಗೆ ಹಾಕಿಕೊಂಡು ಎರಡು ವರ್ಷ. ಬ್ರಿಟಿಷರು ಈಜಿಪ್ಟಿಗೆ ನುಗ್ಗಿ ವರ್ಷವೂ ತುಂಬಿರಲಿಲ್ಲ. ಗದ್ದೆ ಕಿತ್ತುಕೊಂಡವನಿಗೆ, ಗದ್ದೆಯವನಿಗೆ ಉಳುಮೆಯೇ ಬರುತ್ತಿರಲಿಲ್ಲ ಎಂಬ ಸರ್ಟಿಫಿಕೇಟು ಬೇಕೇ ಬೇಕಲ್ಲ!

ಹಾಗಾದರೆ ಬೀಜಗಣಿತದ ಅಲ್ ಖ್ವಾರಿಜ್ಮಿ, ವೈದ್ಯಗ್ರಂಥದ ಇಬ್ನ್ ಸೀನಾ? ಸಾಹೇಬರ ಬಳಿ ಉತ್ತರ ಸಿದ್ಧವಿತ್ತು: ಅಂಥವರೆಲ್ಲ ಪರ್ಷಿಯದವರು, ಸ್ಪೇನಿನವರು, ಕ್ರೈಸ್ತರು, ಅರಬ್ಬೀ ವಿಜ್ಞಾನದಲ್ಲಿ ಅರಬ್ಬೀ ಎಂಬುದು ಭಾಷೆಯೊಂದೇ. ಗೆದ್ದರೆ ರಕ್ತದ ಖಾತೆಗೆ ಜಮೆ, ಸೋತರೆ ಧರ್ಮದ ಖಾತೆಗೆ ಖರ್ಚು.

ಆಗ ಪ್ಯಾರಿಸ್ಸಿನಲ್ಲೇ ಇದ್ದ ಮುಸ್ಲಿಂ ಚಿಂತಕ ಜಮಾಲುದ್ದೀನ್ ಅಫ್ಘಾನಿ ಮೇ 18ರ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಧರ್ಮ ವಿಜ್ಞಾನಕ್ಕೆ ಅಡ್ಡಗಾಲು ಹಾಕಿದ್ದು ಹೌದು. ಆದರೆ ನಿಮ್ಮ ಕ್ರೈಸ್ತ ಧರ್ಮವೇನು ಕಡಿಮೆ ಹಾಕಿತೆ ಎಂಬುದು ಅವರ ವಾದ. ರೆನಾನ್ ಮೆಚ್ಚಿ ಮರುದಿನವೇ ಬರೆದರು: ಈ ಶೇಖ್ ಆರ್ಯಚೈತನ್ಯ ಇನ್ನೂ ಜೀವಂತವಿರುವ ಸೀಮೆಯವರು! ಮುಸಲ್ಮಾನ ಜಾಣತನ ತೋರಿದನೋ, ತಕ್ಷಣ ಆರ್ಯನಾಗಿ ಬಡ್ತಿ.

ಇದೇ ಲೆಕ್ಕವನ್ನು ನಮ್ಮ ಶ್ರೀರಂಗಪಟ್ಟಣಕ್ಕೂ ಹಾಕಿ ನೋಡೋಣ. ಗೇಣುದ್ದದ ಕಬ್ಬಿಣದ ಕೊಳವೆ, ಒಳಗೆ ಗಿಡಿದ ಮದ್ದು, ಬಾಲಕ್ಕೆ ತೊಗಲಿನ ಬಾರಿನಿಂದ ಬಿಗಿದ ಬಿದಿರು: ಅದು ಮೈಸೂರು ರಾಕೆಟ್ಟು. 1799ರಲ್ಲಿ ಟಿಪ್ಪು ಬಿದ್ದ. ರಾಕೆಟ್ಟುಗಳು ಇಂಗ್ಲೆಂಡಿನ ವೂಲ್‌ವಿಚ್ ಶಸ್ತ್ರಾಗಾರ ಸೇರಿದವು. ವಿಲಿಯಂ ಕಾಂಗ್ರೀವ್ ಅವನ್ನು ಸುಧಾರಿಸಿದ, ಸುಳ್ಳಲ್ಲ. 1807ರಲ್ಲಿ ಬ್ರಿಟಿಷರ ದಾಳಿಗೆ ಕೋಪನ್‌ಹೇಗನ್ ಹೊತ್ತಿ ಉರಿಯುವ ಹೊತ್ತಿಗೆ ಅದು ಕಾಂಗ್ರೀವ್ ರಾಕೆಟ್ಟು. ಮದ್ದಿನ ಮೂಲ ಚೀನಾ, ಕಬ್ಬಿಣದ ಕೊಳವೆಯ ಪಾಠ ಮೈಸೂರಿನದು. ಸಾಹೇಬರ ಸೂತ್ರದಂತೆ, ಕಾಂಗ್ರೀವ್ ರಾಕೆಟ್ಟಿನಲ್ಲಿ ಕಾಂಗ್ರೀವ್ ಎಂಬುದು ಹೆಸರೊಂದೇ! ಆದರೆ ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ನೋಡಿ. ಆ ಸೂತ್ರ ವೂಲ್‌ವಿಚ್‌ಗೆ ಅನ್ವಯಿಸುವುದಿಲ್ಲ.

ನಗುವ ಮೊದಲು ನಮ್ಮ ಬಗಲು ಮುಟ್ಟಿ ನೋಡಿಕೊಳ್ಳೋಣ. ಖಾತೆಪುಸ್ತಕ ಈಗ ಅಲ್ಲೇ ಇದೆ. ಟೀವಿ ಚರ್ಚೆಯಲ್ಲಿ ಆ ರಾಕೆಟ್ಟಿಗೆ ಕೇಳುವ ಮೊದಲ ಪ್ರಶ್ನೆ, ಎಷ್ಟು ದೂರ ಹಾರುತ್ತಿದ್ದಿರಿ ಎಂದಲ್ಲ. ನಿಮ್ಮದು ಯಾವ ಜನ ಎಂದು. ಒಬ್ಬರು ಇಡೀ ರಾಕೆಟ್ಟನ್ನು ಸುಲ್ತಾನನ ಹೆಸರಿಗೆ ಬರೆದುಕೊಡುತ್ತಾರೆ. ಇನ್ನೊಬ್ಬರು ಮದ್ದಿನ ವಾಸನೆಯನ್ನೂ ಕೊಡರು. ಕುಲುಮೆಯ ಮುಂದೆ ಕೂತು ಕೊಳವೆ ಬಡಿದವನನ್ನು ಚರ್ಚೆಗೆ ಕರೆದೇ ಇಲ್ಲ.

ರೆನಾನ್ ಸಾಹೇಬರು ಇದನ್ನು ಕೇಳಿದ್ದರೆ, ಇವರೂ ನಮ್ಮ ಪೈಕಿಯೇ ಎಂದು ಮೆಚ್ಚಿ ಮರುದಿನವೇ ಪತ್ರಿಕೆಗೆ ಬರೆಯುತ್ತಿದ್ದರು.