ಬೈ ಸೈಡಾ, ಸೆಲ್ ಸೈಡಾ?

ನಿಮ್ಮ ಹುಡುಗನಿಗೆ ಎರಡು ಕಡೆಯಿಂದಲೂ ಆಫರ್ ಬಂದಿದೆಯಂತಲ್ಲ, ಕೇಳಿ ಬಹಳ ಖುಷಿಯಾಯ್ತು. ಒಂದು ಬ್ರೋಕರೇಜಿನ ರಿಸರ್ಚ್ ಡೆಸ್ಕು, ಅಂದರೆ ಸೆಲ್ ಸೈಡು; ಇನ್ನೊಂದು ಮ್ಯೂಚುವಲ್ ಫಂಡು, ಅಂದರೆ ಬೈ ಸೈಡು. ಸಂಬಳ ಎಲ್ಲಿ ಜಾಸ್ತಿ ಅಂತ ನೀವು ಕೇಳೋದು ಸಹಜವೇ. ಆದರೆ ಈ ಕಸುಬಿನಲ್ಲಿ ಸಂಬಳ ಯಾರ ಜೇಬಿನಿಂದ ಬರುತ್ತೆ ಅನ್ನೋದನ್ನು ಮೊದಲು ನೋಡಬೇಕು, ಎಷ್ಟು ಅನ್ನೋದು ಆಮೇಲೆ.

ಬ್ರೋಕರೇಜಿನವರು ಆ ದಪ್ಪ ದಪ್ಪ ರಿಪೋರ್ಟುಗಳನ್ನು ಫಂಡುಗಳಿಗೆ ಬಿಟ್ಟಿಯಾಗಿಯೇ ಕಳಿಸ್ತಾ ಬಂದವರು. ಮಾವಿನ ಗಾಡಿಯವನು ಒಂದು ಹೋಳು ಕೊಯ್ದು ಕೈಗಿಡ್ತಾನಲ್ಲ, ಹಾಗೆ. ದುಡ್ಡು ಹುಟ್ಟೋದು ಆಮೇಲೆ, ಹಣ್ಣು ತೂಗಿದಾಗ, ಅಂದರೆ ಫಂಡಿನವರು ಅವರ ಮೂಲಕ ಷೇರು ಕೊಂಡು ಮಾರಿದಾಗ. 2018ರ ಜನವರಿಯಲ್ಲಿ ಯೂರೋಪಿನವರು ಹೋಳಿಗೂ ಬೇರೆ ಬೆಲೆ ಕಟ್ಟಿ ಅಂದುಬಿಟ್ಟರು. ಇಷ್ಟೊಂದು ರಿಪೋರ್ಟು ನಮಗೆ ಬೇಕಾ ಅಂತ ಫಂಡಿನವರು ಕೂತು ಲೆಕ್ಕ ಹಾಕಿದ್ದೇ ಆಗ. ಬೇಡ ಅನ್ನೋದೇ ಬಹಳಷ್ಟು ಕಡೆ ಉತ್ತರವಾಯ್ತು, ಸೆಲ್ ಸೈಡಿನವರ ಬೋನಸ್ಸಿಗೂ ಕತ್ತರಿ ಬಿತ್ತು.

ಅದಕ್ಕೂ ಮುಂಚೆ ವಾಲ್ ಸ್ಟ್ರೀಟಿನಲ್ಲಿ ಅನಲಿಸ್ಟುಗಳದ್ದು ರಾಜಭೋಗ. ಟೆಲಿಕಾಂ ಕಂಪನಿಗಳನ್ನು ನೋಡಿಕೊಳ್ತಿದ್ದ ಜಾಕ್ ಗ್ರಬ್‌ಮನ್ ಕಥೆ ನಿಮಗೆ ಗೊತ್ತೇ ಇರುತ್ತೆ. 1999ರ ನವೆಂಬರಿನಲ್ಲಿ ಎಟಿ ಅಂಡ್ ಟಿ ಷೇರಿನ ರೇಟಿಂಗನ್ನು ಮೇಲೆತ್ತಿದ. ಅದೇ ಹೊತ್ತಿಗೆ ತನ್ನ ಅವಳಿ ಮಕ್ಕಳಿಗೆ ಮ್ಯಾನ್‌ಹಟನ್ನಿನ ಒಂದು ನರ್ಸರಿಯಲ್ಲಿ ಸೀಟು ಕೊಡಿಸಿ ಅಂತ ತಾನು ಕೆಲಸಕ್ಕಿದ್ದ ಸಿಟಿಗ್ರೂಪಿನ ಮುಖ್ಯಸ್ಥ ಸ್ಯಾಂಡಿ ವೀಲ್ ಹತ್ತಿರ ಕೇಳಿಕೊಂಡಿದ್ದ. ಆ ವೀಲ್ ಎಟಿ ಅಂಡ್ ಟಿ ಬೋರ್ಡಿನಲ್ಲೂ ಇದ್ದವರು, ಸಿಟಿಗ್ರೂಪಿನಿಂದ ನರ್ಸರಿಯವರ ಸಂಸ್ಥೆಗೆ 10 ಲಕ್ಷ ಡಾಲರ್ ದೇಣಿಗೆಯೂ ಹೋಯ್ತು. ಎಲ್.ಕೆ.ಜಿ. ಅರ್ಜಿಗೆ ಅಂತ ಬೆಂಗಳೂರಲ್ಲಿ ಅಪ್ಪಂದಿರು ರಾತ್ರಿಯೇ ಹೋಗಿ ಶಾಲೆ ಗೇಟಿನ ಮುಂದೆ ಕೂರ್ತಿದ್ದ ಕಾಲ ನೆನಪಿದೆಯಲ್ಲ? ಕೋಟಿ ಕೋಟಿ ದುಡೀತಿದ್ದವನಿಗೂ ಮಕ್ಕಳ ಸೀಟಿನದೇ ಚಿಂತೆ ನೋಡಿ! ಕೊನೆಗೆ 2003ರಲ್ಲಿ ಅವನು ಒಂದೂವರೆ ಕೋಟಿ ಡಾಲರ್ ಕಟ್ಟಬೇಕಾಯ್ತು, ಆಜೀವ ನಿಷೇಧ ಬೇರೆ. ಬ್ಯಾಂಕಿಂಗ್ ವ್ಯವಹಾರಕ್ಕೂ ಅನಲಿಸ್ಟಿನ ಸಂಬಳಕ್ಕೂ ನಂಟಿರಬಾರದು ಅಂತ ಅಲ್ಲಿ ಗೋಡೆ ಎದ್ದದ್ದು ಆಗಲೇ. ನಮ್ಮಲ್ಲಿ ಸೆಬಿ 2014ರಲ್ಲಿ ಅಂಥದ್ದೇ ನಿಯಮ ತಂತು, ಒಳ್ಳೇದೇ ಆಯ್ತು.

ಇನ್ನು ಬೈ ಸೈಡು. ಅಲ್ಲಿ ಬಾಯಿ ಮುಚ್ಚಿಕೊಂಡಿರೋದೂ ಕೆಲಸದ ಭಾಗವೇ. ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶ ಕೊಟ್ಟು ಕಾನ್ಫರೆನ್ಸ್ ಕಾಲ್ ಮಾಡ್ತಾವಲ್ಲ, ಒಮ್ಮೆ ಕೇಳಿ ನೋಡಿ. ‘ಕಂಗ್ರಾಟ್ಸ್ ಆನ್ ಎ ಗುಡ್ ಸೆಟ್ ಆಫ್ ನಂಬರ್ಸ್’ ಅಂತ ಶುರು ಮಾಡೋರಲ್ಲಿ ಬಹುಪಾಲು ಸೆಲ್ ಸೈಡಿನ ಹುಡುಗರೇ. ಲಾಭ ಇಳಿದಿದ್ದರೂ ಕೆಲವರು ಕಂಗ್ರಾಟ್ಸ್ ಅಂದೇ ಅಂತಾರೆ! ಅವರ ದನಿ ನಾಲ್ಕು ಜನಕ್ಕೆ ಕೇಳಬೇಕು, ಕಂಪನಿಯವರು ನಾಳೆಯೂ ಫೋನ್ ಎತ್ತಬೇಕು, ಅಲ್ವಾ? ಫಂಡಿನವರು ಪ್ರಶ್ನೆ ಕೇಳಿದರೆ ಯಾವ ಷೇರಿನ ಮೇಲೆ ಕಣ್ಣಿದೆ ಅಂತ ಊರಿಗೆಲ್ಲ ಗೊತ್ತಾಗಿಬಿಡುತ್ತೆ, ಹಾಗಾಗಿ ಎಷ್ಟೋ ಜನ ಸುಮ್ಮನೆ ಕೇಳಿಸಿಕೊಳ್ತಾರೆ. ಕಂಪನಿಯವರ ಮುಲಾಜಿದ್ದೂ ‘ಮಾರಿ’ ಅಂತ ಧೈರ್ಯವಾಗಿ ಬರೆಯೋ ಸೆಲ್ ಸೈಡ್ ಅನಲಿಸ್ಟನ್ನು ಕಂಡರೆ ನನಗೆ ವಿಪರೀತ ಗೌರವ. ಹಾಗೆ ಬರೆದರೆ ಕಂಪನಿಯವರು ಮುಖ ತಿರುಗಿಸ್ತಾರೆ, ಷೇರು ಹಿಡಿದುಕೊಂಡ ಫಂಡಿನವರೂ ಸಿಡಿಮಿಡಿ ಅಂತಾರೆ.

ಬೈ ಸೈಡಿನಲ್ಲಿ ದುಡ್ಡಿದೆ, ಇಲ್ಲ ಅನ್ನೋಕಾಗಲ್ಲ. ಹೆಡ್ಜ್ ಫಂಡುಗಳ ಹಳೇ ಲೆಕ್ಕ ಅಂದರೆ ವರ್ಷಕ್ಕೆ ನೂರಕ್ಕೆ 2 ಫೀಸು, ಲಾಭದಲ್ಲಿ ನೂರಕ್ಕೆ 20. ಫಂಡು ಗೆದ್ದ ವರ್ಷ ಬೋನಸ್ಸೇ ಸಂಬಳವನ್ನು ಮೀರಿಸುತ್ತೆ, ಸೋತ ವರ್ಷ ಡೆಸ್ಕೇ ಇರಲಿಕ್ಕಿಲ್ಲ. ನಮ್ಮ ಮ್ಯೂಚುವಲ್ ಫಂಡುಗಳಲ್ಲಿ ಇನ್ನೊಂದು ವಿಚಿತ್ರ: 2021ರಲ್ಲಿ ಸೆಬಿ, ಮುಖ್ಯ ಹುದ್ದೆಯವರ ಸಂಬಳದಲ್ಲಿ ನೂರಕ್ಕೆ 20 ಭಾಗವನ್ನು ಅವರದೇ ಸ್ಕೀಮಿನ ಯೂನಿಟ್ಟುಗಳಾಗಿ ಕೊಡಿ, ಮೂರು ವರ್ಷ ಮುಟ್ಟೋ ಹಾಗಿಲ್ಲ ಅಂತು. ಆಮೇಲೆ ಸ್ವಲ್ಪ ಸಡಿಲ ಮಾಡಿದ್ದಾರೆ. ನನ್ನ ಕೇಳಿದರೆ ಬಿಗಿಯಾಗಿದ್ದದ್ದೇ ಚೆನ್ನಾಗಿತ್ತು. ಜನರ ದುಡ್ಡಿನ ಪಕ್ಕದಲ್ಲೇ ತಮ್ಮದೂ ಇದ್ದರೆ ನಿಗಾ ಹೆಚ್ಚು, ಅಲ್ವಾ?

ಜನ ಹೋಗೋ ದಾರಿ ಮಾತ್ರ ಹೆಚ್ಚಾಗಿ ಸೆಲ್ ಸೈಡಿನಿಂದ ಬೈ ಸೈಡಿಗೆ. ಇಂಟರ್ನೆಟ್ ಕಂಪನಿಗಳ ಮೇಲೆ ಬರೆದು ಹೆಸರಾಗಿದ್ದ ಮೇರಿ ಮೀಕರ್ 2010ರ ಕೊನೆಗೆ ಮಾರ್ಗನ್ ಸ್ಟ್ಯಾನ್ಲಿ ಬಿಟ್ಟು ಹೂಡಿಕೆದಾರರ ಕಡೆಗೇ ಹೋದರು. ಆಂಬಿಟ್ ಬ್ರೋಕರೇಜಿನಲ್ಲಿದ್ದ ಸೌರಭ್ ಮುಖರ್ಜಿಯಾ 2018ರಲ್ಲಿ ಮಾರ್ಸೆಲಸ್ ಅನ್ನೋ ಹೂಡಿಕೆ ಸಂಸ್ಥೆ ಕಟ್ಟಿದರು. ಇವರಷ್ಟು ಹೆಸರಾಗದೆ, ಬೆಂಗಳೂರಿನಲ್ಲೇ ಕೂತು ನ್ಯೂಯಾರ್ಕಿನ ಅನಲಿಸ್ಟಿಗೆ ಎಕ್ಸೆಲ್ ಮಾಡೆಲ್ ಕಟ್ಟಿಕೊಡೋ ಹುಡುಗ ಹುಡುಗಿಯರೂ ಎಷ್ಟು ಜನ! ರಿಪೋರ್ಟಿನ ಮೇಲೆ ಅವರ ಹೆಸರಿನ್ನೂ ಎದ್ದು ಕಾಣಬೇಕು ಅಂತ ನನಗೆ ಬಹಳ ಆಸೆ.

ನಿಮ್ಮ ಹುಡುಗ ಮೊದಲು ಸೆಲ್ ಸೈಡಿಗೇ ಹೋಗಲಿ. ಬೆಳಗಿನ ಜಾವಕ್ಕೆ ಏಳಬೇಕು, ನಿಜ. ಆದರೆ ತಾನು ಬರೆದದ್ದು ತನ್ನ ಹೆಸರಲ್ಲೇ ಅಚ್ಚಾಗುತ್ತೆ, ತಪ್ಪಿದ್ದರೆ ಮಾರನೇ ದಿನವೇ ಗ್ರಾಹಕ ಫೋನ್ ಮಾಡಿ ಹೇಳ್ತಾನೆ. ಅಂಥ ಪಾಠ ಬೇರೆಲ್ಲಿ ಸಿಗುತ್ತೆ? ಅಂದಹಾಗೆ, ಯಾವ ಸೆಕ್ಟರ್ ಕೊಡ್ತಾರಂತೆ? ಸಿಮೆಂಟ್ ಕೇಳಿಕೊಳ್ಳಲಿ. ವಾಡಿ, ಸೇಡಂ ಕಡೆ ಮೂಟೆ ಬೆಲೆ ವಿಚಾರಿಸೋಕೆ ಡೀಲರುಗಳ ಹತ್ತಿರ ಕನ್ನಡದಲ್ಲೇ ಮಾತಾಡಬಹುದು. ಮುಂಬೈ ಹುಡುಗರಿಗೆ ಆ ಅನುಕೂಲ ಎಲ್ಲಿದೆ, ಅಲ್ವಾ?