ಕೈ ಎಟುಕದ ಹುಡುಗನ ಟ್ರೊಂಬೋನ್

ಅದು ಕಹಳೆ ಅಲ್ಲ ಮೇಷ್ಟ್ರೇ, ಟ್ರೊಂಬೋನ್. ದಸರಾ ಮೆರವಣಿಗೆಯ ಪೊಲೀಸ್ ಬ್ಯಾಂಡಿನಲ್ಲಿ ಹಿತ್ತಾಳೆ ಕೊಳವೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದು ಊದ್ತಾರಲ್ಲ, ಅದೇ ವಾದ್ಯ. ನೀವು ಕೇಳಿದ್ದು ಜಾಝ್ ವಾದಕ ಜ್ಯಾಕ್ ಟೀಗಾರ್ಡನ್ ಊದಿದ್ದು. ಅಮೆರಿಕದ ಟೆಕ್ಸಸ್ ಕಡೆಯವನು, ವರ್ನನ್ ಅನ್ನೋ ಊರು, ಹುಟ್ಟಿದ್ದು 1905ರಲ್ಲಿ. ಪೇಪರ್ ಆಮೇಲೆ ಓದಿದರಾಯ್ತು, ಇವನ ಕಥೆ ಕೇಳಿ.

ಆ ವಾದ್ಯದಲ್ಲಿ ಒತ್ತೋಕೆ ಗುಂಡಿ ಇಲ್ಲ, ಬೆರಳು ಮುಚ್ಚೋಕೆ ತೂತಿಲ್ಲ. ಕೊಳವೆ ಎಳೆಯೋಕೆ ಏಳು ನೆಲೆ, ಅಷ್ಟೆ. ಅದಕ್ಕೂ ಎಲ್ಲೂ ಗುರುತು ಕೊರೆದಿಲ್ಲ. ನಮ್ಮ ಗೋಟುವಾದ್ಯಕ್ಕೆ ಮೆಟ್ಟಿಲಿಲ್ಲವಲ್ಲ, ಹಾಗೇ ಇಲ್ಲೂ ಕಿವಿಯೇ ಗತಿ. ಏಳನೇ ನೆಲೆಗೆ ಹೋಗಬೇಕಾದರೆ ಬೆಳೆದ ಗಂಡಸೇ ತೋಳನ್ನು ಪೂರ್ತಿ ಚಾಚಬೇಕು. ಟೀಗಾರ್ಡನ್ ಕಲಿಯೋಕೆ ಶುರು ಮಾಡಿದಾಗ ಇನ್ನೂ ಚಿಕ್ಕ ಹುಡುಗ, ಕೈ ಎಲ್ಲಿ ಎಟುಕಬೇಕು? ಅದಕ್ಕೇ ಹತ್ತಿರದ ನೆಲೆಗಳಲ್ಲೇ ತುಟಿ ಬಿಗಿ ಮಾಡಿ, ಸಡಿಲ ಮಾಡಿ ಸ್ವರ ಹುಡುಕೋದು ರೂಢಿಸಿಕೊಂಡ ಅಂತಾರೆ. ಮೇಲಿನ ಸ್ಥಾಯಿಗೆ ಹೋದ ಹಾಗೆ ಸ್ವರಗಳು ಒತ್ತೊತ್ತಾಗಿ ಸಿಗ್ತವೆ, ಒಂದೇ ಸ್ವರ ಎರಡು ಮೂರು ಕಡೆ ಸಿಗುತ್ತೆ. ಆ ಗುಟ್ಟು ಅವನ ಕೈಗೆ ಬಂತು. ದೊಡ್ಡವನಾದ ಮೇಲೂ ಮೊದಲ ನಾಲ್ಕು ನೆಲೆ ದಾಟಿ ಹೋಗೋದು ಕಮ್ಮಿ. ಹಳೇ ಫಿಲ್ಮುಗಳಲ್ಲಿ ನೋಡಬೇಕು ನೀವು, ಸ್ವರಗಳು ಸರಸರ ಉರುಳ್ತಾ ಇರ್ತವೆ, ಕೈ ಅಲ್ಲಾಡಿದ್ದೇ ಕಾಣಲ್ಲ!

ಮನೆತುಂಬಾ ಸಂಗೀತ ಇತ್ತು ಅನ್ನಿ. ತಾಯಿ ಹೆಲೆನ್ ಪಿಯಾನೋ, ತಂಗಿ ನಾರ್ಮಾನೂ ಪಿಯಾನೋ, ಒಬ್ಬ ತಮ್ಮ ಟ್ರಂಪೆಟ್, ಇನ್ನೊಬ್ಬ ಡ್ರಮ್ಸ್. ತಂದೆ ಹೋದ ಮೇಲೆ ತಾಯಿ ಮಗ ಇಬ್ಬರೂ ಮೂಕಿ ಚಿತ್ರ ತೋರಿಸೋ ಟಾಕೀಸಿನಲ್ಲಿ ನುಡಿಸಿ ಸಂಸಾರ ತೂಗಿಸಿದ್ದೂ ಉಂಟು.

1927ರಲ್ಲಿ ನ್ಯೂಯಾರ್ಕಿಗೆ ಬಂದ. ಮಾರನೇ ವರ್ಷ ಬೆನ್ ಪೊಲಾಕ್‌ನ ಬ್ಯಾಂಡ್ ಸೇರಿದ. ಬೆನ್ನಿ ಗುಡ್‌ಮನ್, ಗ್ಲೆನ್ ಮಿಲ್ಲರ್ ಇಬ್ಬರೂ ಆಗ ಅದೇ ಬ್ಯಾಂಡಿನ ಹುಡುಗರು. ಮಿಲ್ಲರ್ ಕೂಡ ಟ್ರೊಂಬೋನ್ ಊದೋನೇ, ಆದರೆ ಇವನು ಬಂದ ಮೇಲೆ ಊದೋದನ್ನ ಹಿಂದೆ ಹಾಕಿ ಸಂಗೀತ ಸಂಯೋಜನೆ ಕಡೆಗೇ ಹೆಚ್ಚು ಗಮನ ಕೊಟ್ಟ. 1929ರ ಮಾರ್ಚ್ 5ರಂದು ಹೆಸರಾಂತ ಕರಿಯ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಒಂದು ರೆಕಾರ್ಡ್ ಆಯ್ತು, ‘ನಾಕಿನ್ ಎ ಜಗ್’ ಅಂತ. ರಾತ್ರಿಯೆಲ್ಲ ಔತಣ ಮುಗಿಸಿ ಹಾಗೇ ಸ್ಟುಡಿಯೋಗೆ ಬಂದವರು. ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ನುಡಿಸೋದೇ ಅಪರೂಪವಾಗಿದ್ದ ಕಾಲ ಅದು. ಮೊದಲು ಟೀಗಾರ್ಡನ್ ನಿಧಾನಕ್ಕೆ ಬ್ಲೂಸ್, ಅಂದ್ರೆ ಕರಿಯರ ಅಳಲಿನ ಧಾಟಿ, ಬಿಚ್ಚುತ್ತಾನೆ, ಕೊನೆಗೆ ಆರ್ಮ್‌ಸ್ಟ್ರಾಂಗ್ ಎತ್ತಿಕೊಂಡು ಮುಗಿಲಿಗೆ ಒಯ್ತಾನೆ. ಇಬ್ಬರ ಮನೋಧರ್ಮ ಒಂದೇ ಅಂತ ಅವತ್ತೇ ಗೊತ್ತಾಗಿರಬೇಕು.

ಏನಂದ್ರಿ? ದುಡ್ಡು ಮಾಡಿದನಾ ಅಂತಲಾ? ನನಗೆ ಹೊಟ್ಟೆ ಉರಿಯೋದೇ ಅಲ್ಲಿ ಮೇಷ್ಟ್ರೇ. ಆರ್ಥಿಕ ಮುಗ್ಗಟ್ಟಿನ ದಿನಗಳು, ತಿಂಗಳಾದರೆ ಸಂಬಳ ಬರುತ್ತೆ ಅಂತ 1933ರಲ್ಲಿ ಪಾಲ್ ವೈಟ್‌ಮನ್ ಜೊತೆ ಐದು ವರ್ಷಕ್ಕೆ ಕರಾರು ಬರೆದುಕೊಟ್ಟ. ದೊಡ್ಡ ಬ್ಯಾಂಡು, ದೊಡ್ಡ ಹೆಸರು. ಆದರೆ ಇವನ ಸೋಲೋಗೆ ಜಾಗ ಸಿಕ್ತಾ ಇದ್ದದ್ದು ಎಷ್ಟು ಅಂತೀರಿ! 1935ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್‌ನ ಪಾಲೋಮಾರ್ ಡ್ಯಾನ್ಸ್ ಹಾಲಿನಲ್ಲಿ ಗುಡ್‌ಮನ್‌ಗೆ ಜನ ಮುಗಿಬಿದ್ದರು, ಸ್ವಿಂಗ್ ಅನ್ನೋ ಡ್ಯಾನ್ಸ್ ಜಾಝ್ ದೇಶವನ್ನೇ ಕುಣಿಸಿತು. ಹಳೇ ಜೊತೆಗಾರ ಮನೆಮಾತಾದ. ಇವನು 1938ರ ಕೊನೆವರೆಗೂ ಕರಾರಿನಲ್ಲೇ ಸಿಕ್ಕಿಕೊಂಡಿದ್ದ. ಕೊಟ್ಟ ಮಾತು ಮುರಿಯದವನು ಅಂತ ಹೊಗಳಬೇಕೋ, ಕಾಲ ಕೈಕೊಟ್ಟಿತು ಅಂತ ಮರುಗಬೇಕೋ. ನನಗಂತೂ ಮರುಕವೇ ಜಾಸ್ತಿ.

ಅವನ ಯೋಗ್ಯತೆ ಸಹವಾದಕರಿಗೆ ಗೊತ್ತಿತ್ತು. 1939ರ ಜನವರಿಯಲ್ಲಿ ಮೆಟ್ರೊನೋಮ್ ಪತ್ರಿಕೆ ಘಟಾನುಘಟಿಗಳನ್ನೆಲ್ಲ ಸೇರಿಸಿ ಒಂದು ಬ್ಲೂಸ್ ರೆಕಾರ್ಡ್ ಮಾಡಿಸಿತು. ಟಾಮಿ ಡಾರ್ಸಿ ಅಲ್ಲಿದ್ದ, ಆ ಕಾಲದ ಅತಿ ಜನಪ್ರಿಯ ಟ್ರೊಂಬೋನ್ ವಾದಕ. ಟೀಗಾರ್ಡನ್ ಪಕ್ಕದಲ್ಲಿರುವಾಗ ತಾನು ಜಾಝ್ ಸೋಲೋ ನುಡಿಸಲ್ಲ ಅಂತ ಹಿಂದೆ ಸರಿದನಂತೆ. ಡಾರ್ಸಿ ಸರಳವಾಗಿ ರಾಗ ಹಿಡಿದು ನಿಂತ, ಇವನು ಅದರ ಸುತ್ತ ಕಲ್ಪನೆ ಹೆಣೆದ. ಹಾಗೆ ಒಪ್ಪಿಕೊಂಡ ಡಾರ್ಸಿ ಮೇಲೂ ನನಗೆ ಗೌರವ ಬಂದಿದೆ.

ಅದೇ ವರ್ಷ ಸ್ವಂತ ಬ್ಯಾಂಡ್ ಕಟ್ಟಿದ. ಅಷ್ಟೊತ್ತಿಗೆ ಪೇಟೆಯೆಲ್ಲ ಬ್ಯಾಂಡುಗಳೇ. ಆಮೇಲೆ ಯುದ್ಧ ಬಂತು, ಹುಡುಗರು ಸೈನ್ಯಕ್ಕೆ ಹೋದರು. ಲೆಕ್ಕಪತ್ರ ಇವನಿಗೆ ಒಗ್ಗಿದ ವಿದ್ಯೆಯಲ್ಲ, ಕುಡಿತ ಬೇರೆ ಇತ್ತು. 1946ರಲ್ಲಿ ಸಾಲ ಹೊತ್ತು ಬ್ಯಾಂಡ್ ಮುಚ್ಚಿದ. ಯಜಮಾನಿಕೆ ಅವನ ಜಾಯಮಾನಕ್ಕೆ ಹೇಳಿಸಿದ್ದೇ ಅಲ್ಲ. ಸರೀಕ ಎದುರಿಗಿದ್ದರೆ ಅರಳೋ ಕಲಾವಿದ ಅವನು.

1947ರ ಮೇ 17, ನ್ಯೂಯಾರ್ಕಿನ ಟೌನ್ ಹಾಲ್. ಆರ್ಮ್‌ಸ್ಟ್ರಾಂಗ್ ಜೊತೆ ‘ರಾಕಿನ್ ಚೇರ್’ ಹಾಡಿದ್ದಾನೆ ನೋಡಿ, ತೂಗುಕುರ್ಚಿ ಬಿಟ್ಟು ಏಳಲಾರದ ಮುದಿ ಅಪ್ಪ, ಮಗನ ಹಾಡು. ಒಬ್ಬ ಸಾಲು ಎತ್ತಿದರೆ ಇನ್ನೊಬ್ಬ ಉತ್ತರ ಕೊಡ್ತಾನೆ, ತಾಲೀಮು ಮಾಡಿದ್ದು ಅನ್ನಿಸೋದೇ ಇಲ್ಲ. ಇವನು ಹಾಡೋದೂ ಊದೋದೂ ಒಂದೇ ಥರ, ಅದೇ ಅವಸರವಿಲ್ಲದ ಟೆಕ್ಸಸ್ ಮಾತಿನ ಧಾಟಿ. ಆಮೇಲೆ 1951ರವರೆಗೂ ಆರ್ಮ್‌ಸ್ಟ್ರಾಂಗ್‌ನ ಆಲ್ ಸ್ಟಾರ್ಸ್ ತಂಡದಲ್ಲೇ ಇದ್ದ. ಇನ್ನೊಂದು ಚಮತ್ಕಾರ ಇತ್ತು ಅವನ ಹತ್ತಿರ. ವಾದ್ಯದ ಅಗಲ ಬಾಯಿಯ ಭಾಗವನ್ನೇ ಕಳಚಿಟ್ಟು, ಕೊಳವೆ ತುದಿಗೆ ಖಾಲಿ ನೀರಿನ ಲೋಟ ಹಿಡಿದು ಊದ್ತಿದ್ದ. ಪಕ್ಕದ ಕೋಣೇಲಿ ಯಾರೋ ತಮ್ಮಷ್ಟಕ್ಕೆ ಗುನುಗೋ ಹಾಗೆ ನಾದ ಬರುತ್ತೆ.

ಹ್ಞಾಂ, ನಮ್ಮ ದೇಶಕ್ಕೂ ಬಂದಿದ್ದ. 1958-59ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಏಷ್ಯಾ ಸುತ್ತಿದ ತಂಡ ಅವನದು.

1963ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಜಾಝ್ ಉತ್ಸವದಲ್ಲಿ ತಾಯಿ, ತಂಗಿ ನಾರ್ಮಾ, ತಮ್ಮ ಚಾರ್ಲಿ ಎಲ್ಲರೂ ಇವನ ಜೊತೆ ವೇದಿಕೆ ಹತ್ತಿದರು. ಮುಂದಿನ ಜನವರಿ 15ಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ, ಕಚೇರಿಗೆ ಅಂತ ಹೋದ ಊರಿನ ಮೋಟೆಲಿನಲ್ಲಿ ತೀರಿಕೊಂಡ. ಐವತ್ತೆಂಟು ಸಾಯೋ ವಯಸ್ಸಾ ಮೇಷ್ಟ್ರೇ? ನೀವು ಟೌನ್ ಹಾಲಿನದ್ದು ಆಮೇಲೆ ಕೇಳುವಿರಂತೆ, ಮೊದಲು ಆ ಮೆಟ್ರೊನೋಮ್ ಬ್ಲೂಸ್ ಕೇಳಿ. ಡಾರ್ಸಿ ಯಾವುದು, ಇವನು ಯಾವುದು ಅಂತ ನಾನು ಹೇಳಿಕೊಡಬೇಕಾಗೇ ಇಲ್ಲ.