ಕಡೇ ದಿನಗಳ ವರ್ಗೀಕರಣ: ಇಂದಿರಾಪುರಂ ಪಾಠ

ಶಾಸ್ತ್ರ ಶುರುವಾಗುವ ಮೊದಲು ದೇಶನಿರ್ದೇಶ ಆಗಬೇಕು. ಗಾಜಿಯಾಬಾದಿಗೆ ಸೇರಿದ ಇಂದಿರಾಪುರಂ ಖಂಡಖಂಡವಾಗಿರುವ ಊರು: ವೈಭವ ಖಂಡ, ಶಕ್ತಿ ಖಂಡ, ನೀತಿ ಖಂಡ, ಜ್ಞಾನ ಖಂಡ, ನ್ಯಾಯ ಖಂಡ, ಅಹಿಂಸಾ ಖಂಡ, ಅಭಯ ಖಂಡ. ನಕ್ಷೆ ಬರೆದ ಅಧಿಕಾರಿ ಹಿಂದಿನ ಜನ್ಮದಲ್ಲಿ ಯಾವುದೋ ಮಠದಲ್ಲಿ ತರ್ಕ ಹೇಳಿಕೊಡುತ್ತಿದ್ದಿರಬೇಕು. ಇಂಥ ಊರಲ್ಲಿ ಬಾಡಿಗೆಗಿರುವ ಕನ್ನಡಿಗನಿಗೆ ಯಾವುದನ್ನಾದರೂ ವಿಂಗಡಿಸದೆ ನಿದ್ದೆ ಬರುವುದಿಲ್ಲ. ನಮ್ಮ ಟವರಿನಲ್ಲೇ ಮಂಗಳೂರಿನ ಕಥೋಲಿಕರಿದ್ದಾರೆ, ಕೇರಳದ ಪೆಂತೆಕೋಸ್ತಿನವರಿದ್ದಾರೆ, ಮನೆಗೆಲಸಕ್ಕೆ ಬರುವ ಜಾರ್ಖಂಡಿನ ಲುಥೆರನ್ ಹೆಂಗಸರಿದ್ದಾರೆ. ಸತ್ತ ಮೇಲೆ ಏನು, ಲೋಕ ಮುಗಿಯುವುದು ಹೇಗೆ ಎಂಬ ವಿಷಯದಲ್ಲಿ ಕ್ರೈಸ್ತರೆಲ್ಲ ಒಂದೇ ಮಾತು ಹೇಳುತ್ತಾರೆಂದು ಉಳಿದ ನೆರೆಯವರು ನಂಬಿದ್ದಾರೆ. ಅವರ ಅಜ್ಞಾನನಿವಾರಣೆಯೇ ಈ ಪ್ರಕರಣದ ಪ್ರಯೋಜನ.

ಮೊದಲನೆಯದು ಸ್ಥಳವಿಭಾಗ. ಸ್ವರ್ಗ, ನರಕ ಎರಡೂ ಬಹುಮಟ್ಟಿಗೆ ಸರ್ವಸಮ್ಮತ. ಜಗಳವೆಲ್ಲ ನಡುವಿನದ್ದು. ಕಥೋಲಿಕರು ಇವೆರಡರ ಜೊತೆಗೆ ಶುದ್ಧೀಕರಣ ಸ್ಥಳವೊಂದನ್ನು ಹೇಳುತ್ತಾರೆ. ಸ್ವರ್ಗ ಖಾತ್ರಿಯಾದರೂ ಕೊಳೆ ಪೂರ್ತಿ ಹೋಗದವರು ತಂಗುವುದು ಅಲ್ಲಿ. 1274ರ ಲಿಯೋನ್ ಸಭೆ, 1439ರ ಫ್ಲಾರೆನ್ಸ್ ಸಭೆ, 1563ರ ಟ್ರೆಂಟ್ ಸಭೆ ಮೂರೂ ಇದಕ್ಕೆ ಮೊಹರು ಒತ್ತಿದವು. ಅಲ್ಲಿರುವವರಿಗೆ ಇಲ್ಲಿಯವರ ಪ್ರಾರ್ಥನೆ ತಲುಪುತ್ತದೆ ಎಂಬ ಕಾರಣಕ್ಕೇ ನವೆಂಬರ್ 2ರಂದು ಮೃತರ ಸ್ಮರಣೆಯ ಪೂಜೆ, ಸಮಾಧಿಗೆ ಹೂವು, ಮೇಣದಬತ್ತಿ. ದೆಹಲಿ ಸೀಮೆಯಲ್ಲಿ ಅದು ಹೊಗೆಮಂಜು ಕವಿಯುವ ಕಾಲವಾದ್ದರಿಂದ ಸತ್ತವರಿಗೆ ಪ್ರಾರ್ಥಿಸುವವರೂ ಮಾಸ್ಕ್ ಹಾಕಿಕೊಂಡಿರುತ್ತಾರೆ. ಪ್ರೊಟೆಸ್ಟಂಟರು ಈ ನಡುಮನೆಯನ್ನೇ ಕೆಡವಿದರು. 1517ರಲ್ಲಿ ಲೂಥರ್ ಸಿಡಿದೆದ್ದದ್ದು ಅಲ್ಲಿನ ವಾಸವನ್ನು ಕಡಿಮೆ ಮಾಡುವ ಚೀಟಿಗಳ ಮಾರಾಟದ ಮೇಲೆ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳಿಗೆಂದು ಮಧ್ಯಯುಗದ ಪಂಡಿತರು ಕಲ್ಪಿಸಿದ್ದ ಲಿಂಬೊ ಎಂಬ ಅಂಚಿನ ಕೋಣೆ ಎಂದೂ ಧರ್ಮಸಿದ್ಧಾಂತವಾಗಿರಲಿಲ್ಲ. ಆ ಮಕ್ಕಳಿಗೂ ಸ್ವರ್ಗದ ಭರವಸೆ ಇಟ್ಟುಕೊಳ್ಳಲು ಬಲವಾದ ಆಧಾರವಿದೆ ಎಂದು ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು. ಶಾಸ್ತ್ರಕಾರರು ಇಷ್ಟು ಒಳ್ಳೆಯ ಮನಸ್ಸಿನಿಂದ ಒಂದು ವಿಭಾಗವನ್ನು ಕೈಬಿಟ್ಟದ್ದು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನರಕದ ಬಗ್ಗೆ ಸ್ಥಳೀಯ ಟಿಪ್ಪಣಿಯೊಂದುಂಟು. ಯೇಸು ನರಕಕ್ಕೆ ಬಳಸಿದ ಗೆಹೆನ್ನ ಎಂಬುದು ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯ ಹೆಸರು. ಅಲ್ಲಿ ಊರಿನ ಕಸ ಸದಾ ಉರಿಯುತ್ತಿತ್ತು ಎಂದು 1200ರ ಆಸುಪಾಸಿನಲ್ಲಿ ರಬ್ಬಿ ಡೇವಿಡ್ ಕಿಂಹಿ ಬರೆದ. ಅಗೆದು ನೋಡಿದವರಿಗೆ ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಪುರಾವೆ ಬೇಕಾದವರು ಇಂದಿರಾಪುರಂನಿಂದ ದೆಹಲಿ ಕಡೆಗೆ ಹೆದ್ದಾರಿ ಹಿಡಿದು ಹೊರಡಲಿ. 1984ರಲ್ಲಿ ತೆರೆದ ಗಾಜಿಪುರದ ಕಸದ ಗುಡ್ಡ ಕುತುಬ್ ಮಿನಾರಿನ ಎತ್ತರಕ್ಕೆ ಪೈಪೋಟಿ ಕೊಟ್ಟು, 2017ರಲ್ಲಿ ಕುಸಿದು ಜೀವ ತೆಗೆದು, ಬೇಸಿಗೆ ಬಂದಾಗಲೆಲ್ಲ ತನ್ನಷ್ಟಕ್ಕೆ ಹೊತ್ತಿಕೊಳ್ಳುತ್ತದೆ. ಕಿಂಹಿಗೆ ಇದನ್ನು ತೋರಿಸಿದ್ದರೆ ಇನ್ನೊಂದು ಸಂಪುಟ ಬರೆಯುತ್ತಿದ್ದ.

ಎರಡನೆಯದು ಕಾಲವಿಭಾಗ. ಬೈಬಲಿನ ಪ್ರಕಟನೆ ಗ್ರಂಥದ ಇಪ್ಪತ್ತನೆಯ ಅಧ್ಯಾಯದಲ್ಲಿ ಸಾವಿರ ವರ್ಷ ಎಂಬ ಮಾತು ಆರು ಸಲ ಬರುತ್ತದೆ. ಆ ಆರು ಸಲದ ಮೇಲೆ ಕ್ರೈಸ್ತಲೋಕ ಮೂರು ಪಾಲಾಗಿದೆ. ಕ್ರಿಸ್ತ ಮೊದಲು ಬಂದು ಆಮೇಲೆ ಸಾವಿರ ವರ್ಷ ಆಳುತ್ತಾನೆ ಎನ್ನುವವರು ಪೂರ್ವಸಾಹಸ್ರಿಕರು. ಲೋಕ ಸುವಾರ್ತೆಯಿಂದ ಸುಧಾರಿಸಿ ಸುಧಾರಿಸಿ ಸಾವಿರ ವರ್ಷ ಚೆನ್ನಾಗಿ ನಡೆದ ಮೇಲೆ ಬರುತ್ತಾನೆ ಎನ್ನುವವರು ಉತ್ತರಸಾಹಸ್ರಿಕರು. ಮೊದಲ ಮಹಾಯುದ್ಧದ ನಂತರ ಇವರ ಸಂಖ್ಯೆ ಇಳಿಯಿತು, ಕಾರಣ ಕೇಳಬೇಕಾಗಿಲ್ಲ. ಸಾವಿರ ಎಂಬುದು ಸಂಕೇತ, ಕ್ರೈಸ್ತ ಸಭೆಯ ಕಾಲವೇ ಆ ಕಾಲ ಎನ್ನುವ ನಿಸ್ಸಾಹಸ್ರಿಕರ ಗುರು ಸಂತ ಆಗಸ್ಟೀನ್. ಕಥೋಲಿಕರೂ ಲುಥೆರನ್ನರೂ ಸ್ಥೂಲವಾಗಿ ಇವನ ಮಕ್ಕಳು.

ಪೂರ್ವಸಾಹಸ್ರಿಕರಲ್ಲಿ ಮತ್ತೆ ಒಡಕು. ಬ್ರದರನ್ ಪಂಗಡದ ಜಾನ್ ನೆಲ್ಸನ್ ಡಾರ್ಬಿ 1830ರ ದಶಕದಲ್ಲಿ ಹೊಸ ಕ್ರಮ ಕಟ್ಟಿದ: ಎರಡನೆಯ ಬರೋಣಕ್ಕೆ ಮುಂಚೆ ಏಳು ವರ್ಷ ಮಹಾ ಸಂಕಟ, ಅದಕ್ಕೂ ಮುಂಚೆ ವಿಶ್ವಾಸಿಗಳು ಮೇಘಗಳೊಳಗೆ ಎತ್ತಲ್ಪಡುವರು. ಆಧಾರ, ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯ. 1909ರಲ್ಲಿ ಸ್ಕೋಫೀಲ್ಡ್ ತನ್ನ ಬೈಬಲಿನ ಅಡಿಟಿಪ್ಪಣಿಗಳಲ್ಲಿ ಇದನ್ನು ತುಂಬಿಸಿದ ಮೇಲೆ ಅದು ಊರೂರಿಗೆ ಹರಡಿತು. ಎತ್ತಲ್ಪಡುವುದು ಸಂಕಟಕ್ಕೆ ಮೊದಲೋ, ನಡುವೆಯೋ, ಆಮೇಲೋ ಎಂಬುದರ ಮೇಲೆ ಮೂರು ಉಪಶಾಖೆಗಳಿವೆ. ನಮ್ಮ ಮಲಯಾಳಿ ನೆರೆಯವರು ಮೊದಲ ಶಾಖೆಗೆ ಸೇರಿದವರು, ಆದರೂ ಸೊಸೈಟಿಯ ನಿರ್ವಹಣಾ ಶುಲ್ಕವನ್ನು ಇಡೀ ವರ್ಷಕ್ಕೆ ಮುಂಗಡ ಕಟ್ಟುತ್ತಾರೆ. ಇದನ್ನು ವಿರೋಧಾಭಾಸವೆಂದು ಬರೆದುಕೊಳ್ಳುತ್ತಿದ್ದೆ, ಮಂಗಳೂರು ನೆನಪಾಗದಿದ್ದರೆ.

ಮಂಗಳೂರಿನ ಪ್ರಸಂಗವನ್ನು ವಿಸ್ತರಿಸಲೇಬೇಕು. ಜರ್ಮನಿಯ ವ್ಯೂರ್ಟೆಂಬರ್ಗಿನಲ್ಲಿ ಯೋಹಾನ್ ಆಲ್‌ಬ್ರೆಖ್ಟ್ ಬೆಂಗೆಲ್ ಎಂಬ ಪಂಡಿತನಿದ್ದ. ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಶೋಧಿಸಿದ ಘನ ವಿದ್ವಾಂಸ. ಆತ ಪ್ರಕಟನೆಯ ಅಂಕಿಗಳನ್ನು ಕೂಡಿ ಕಳೆದು, ಅಲ್ಲಿ ಬರುವ ದುಷ್ಟ ಮೃಗದ ನಾಶ 1836ರ ಜೂನ್ 18ಕ್ಕೆ ಎಂದು ತಾರೀಖು ಕೊಟ್ಟು 1752ರಲ್ಲಿ ತೀರಿಕೊಂಡ. ಆ ನಾಡಿನ ಭಕ್ತಿವಾದಿಗಳಲ್ಲಿ ಈ ಲೆಕ್ಕಕ್ಕೆ ಎಂಥ ಬೆಲೆಯಿತ್ತೆಂದರೆ, 1817ರ ಸುಮಾರಿಗೆ ಎಷ್ಟೋ ಕುಟುಂಬಗಳು ಕಡೇ ದಿನಕ್ಕೆ ಆಶ್ರಯ ಹುಡುಕಿ ಗಂಟುಮೂಟೆ ಕಟ್ಟಿ ಕಾಕಸಸ್ಸಿಗೆ ಹೊರಟವು. ಅದೇ ಭಕ್ತಿಯ ಮಣ್ಣಿನಿಂದ ತನ್ನ ಬಹುಪಾಲು ಜನರನ್ನು ಪಡೆದ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಬೆಂಗೆಲನ ಗಡುವಿಗೆ ಇನ್ನೆರಡು ವರ್ಷವೂ ಇಲ್ಲದಾಗ. ಬಂದ ಮೂವರಲ್ಲಿ ಸ್ಯಾಮ್ಯುಯೆಲ್ ಹೆಬಿಕ್ ವ್ಯೂರ್ಟೆಂಬರ್ಗಿನವನೇ. ಜೂನ್ 18 ಬಂತು, ಕರಾವಳಿಯಲ್ಲಿ ಮಳೆಗಾಲ, ಮೃಗ ಹಾಗೇ ಉಳಿಯಿತು. ಅದೇ ವರ್ಷದ ಕೊನೆಗೆ ಹೆರ್ಮನ್ ಮೊಗ್ಲಿಂಗ್ ಬಂದಿಳಿದ, ಅವನೂ ಅದೇ ನಾಡಿನವ. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲ್ಲನ ನಿಘಂಟು. ಲೋಕ ಮುಗಿಯುತ್ತದೆಂದು ಲೆಕ್ಕ ಹಾಕಿದವರ ಮೊಮ್ಮಕ್ಕಳು ಐದು ತಲೆಮಾರು ಸೋರದ ಹೆಂಚು ಸುಟ್ಟರು.

ಆದ್ದರಿಂದ ಈ ಶಾಸ್ತ್ರದ ಸಿದ್ಧಾಂತವಿದು: ಕ್ರೈಸ್ತರನ್ನು ಪಂಥದಿಂದಲೋ ತಾರೀಖಿನಿಂದಲೋ ವಿಂಗಡಿಸಿದರೆ ಕೆಲಸಕ್ಕೆ ಬಾರದು, ಕಾಯುವ ರೀತಿಯಿಂದ ವಿಂಗಡಿಸಬೇಕು. ಒಬ್ಬರು ಗಂಟು ಕಟ್ಟುವವರು. ಇನ್ನೊಬ್ಬರು ಹೆಂಚು ಸುಡುವವರು. ಇಬ್ಬರೂ ಒಂದೇ ಲೆಕ್ಕಪುಸ್ತಕ ಓದಿದವರೇ ಆಗಿರಬಹುದು. ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಮಾತು ನಂಬಿ 1844ರ ಅಕ್ಟೋಬರ್ 22ರ ರಾತ್ರಿಯೆಲ್ಲ ಕಾದವರಲ್ಲೂ ಹೀಗೇ ಆಯಿತು. ಎಷ್ಟೋ ಜನ ಬೇಸತ್ತು ಚದುರಿದರು, ಉಳಿದ ಕೆಲವರು 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾದರು, ಅವರಿಂದ ಆಸ್ಪತ್ರೆ, ಶಾಲೆಗಳು ಎದ್ದವು. ಸತ್ತವರು ಪುನರುತ್ಥಾನದ ತನಕ ಎಚ್ಚರವಿಲ್ಲದೆ ಮಲಗಿರುತ್ತಾರೆ ಎಂಬುದು ಇವರ ಮತ. ನಡುಮನೆಯ ಜಗಳ ಇವರಿಗಿಲ್ಲ.

ಪೂರ್ವಪಕ್ಷ: ದೇವರ ರಾಜ್ಯ ಬಂದಾಗಿದೆಯೋ ಬರಬೇಕೋ, ಎರಡರಲ್ಲೊಂದು ಹೇಳಿ. ಉತ್ತರ: ಎರಡೂ. ಕ್ರಿಸ್ತನಲ್ಲಿ ಬಂದಾಗಿದೆ, ಪೂರ್ತಿಯಾಗಿ ಬರಬೇಕಿದೆ ಎಂದು ಇಪ್ಪತ್ತನೆಯ ಶತಮಾನದ ಎಷ್ಟೋ ದೈವಶಾಸ್ತ್ರಿಗಳು ವಾದಿಸಿದರು. ಇದು ಉಳಿದ ಲೋಕಕ್ಕೆ ಕಗ್ಗಂಟಾಗಿ ಕಾಣಬಹುದು. ನಮ್ಮ ಕಡೆ ಫ್ಲ್ಯಾಟ್ ಬುಕ್ ಮಾಡಿದವರಿಗೆ ಸಲೀಸು: ಮನೆ ಅವರದೇ, ಕಂತು ನಡೆಯುತ್ತಿದೆ, ಪೊಸೆಷನ್ ಮಾತ್ರ ಸಿಕ್ಕಿಲ್ಲ.

ಪರಿಶಿಷ್ಟಕ್ಕೆ ದೇಹದ ಪ್ರಶ್ನೆ ಉಳಿಯಿತು. ಕಡೇ ದಿನ ಶರೀರವೇ ಎದ್ದುಬರುತ್ತದೆ ಎನ್ನುವವರು ಶವ ಸುಡಬಹುದೇ? ಕಥೋಲಿಕ ಸಭೆ 1963ರಲ್ಲಿ ಒಪ್ಪಿಗೆ ಕೊಟ್ಟಿತು. ಬೂದಿ ದೇವರ ಕೈಯನ್ನು ಕಟ್ಟಿಹಾಕದು ಎಂಬುದು ನ್ಯಾಯ. ಆದರೆ ಬೂದಿಯನ್ನು ಮನೆಯಲ್ಲಿಟ್ಟುಕೊಳ್ಳಬಾರದು, ನೀರಿಗೂ ಗಾಳಿಗೂ ಬಿಡಬಾರದು, ಪವಿತ್ರ ಸ್ಥಳದಲ್ಲೇ ಇಡಬೇಕೆಂದು 2016ರಲ್ಲಿ ಷರತ್ತು ಬಂತು. ನಮ್ಮ ಟವರಿನ ಮಂಗಳೂರಿನ ಹಿರಿಯರಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಊರಿನ ಇಗರ್ಜಿಯ ಪಕ್ಕದಲ್ಲಿ ಜಾಗ ಗೊತ್ತು ಮಾಡಿಟ್ಟಾಗಿದೆಯಂತೆ, ವಿಮಾನದ ಖರ್ಚು ಮಗನದ್ದಂತೆ. ಇಲ್ಲೇ ಯಾಕಾಗಬಾರದು ಎಂದು ಕೇಳಿದ್ದಕ್ಕೆ, "ಎದ್ದು ಕೂತಾಗ ಪಕ್ಕದಲ್ಲಿ ಗುರುತಿನವರು ಬೇಕಲ್ಲ ಮಾರಾಯ್ರೆ, ಇಲ್ಲಿ ಹತ್ತು ವರ್ಷದಿಂದ ಎದುರು ಮನೆಯವರ ಹೆಸರೇ ಗೊತ್ತಿಲ್ಲ" ಎಂದರು.